ಕಿವಿಯ ಸಂದಿನ ಅತ್ತರು

ಪ್ರಜ್ವಲ್, ಸಿಂಚನಾ,

ಮೊನ್ನೆ ಇಂದಿರಾನಗರದ ಅಂಗಡಿಯಲ್ಲಿ, ಪ್ರಜ್ವಲ್, ನಿನ್ನ ಮದುವೆಗೆ ಸೆಂಟು ಆರಿಸುವಾಗ ಕಾಗದದ ಪಟ್ಟಿಗಳನ್ನು ಒಂದೊಂದಾಗಿ ನನ್ನ ಮೂಗಿಗೆ ಹಿಡಿದೆ. ಎಲ್ಲಕ್ಕೂ "ಚೆನ್ನಾಗಿದೆ ಕಣಪ್ಪ" ಎಂದೆ. ಸುಳ್ಳು. ನಾಲ್ಕನೆಯದು ಟೈರು ಸುಟ್ಟ ಹಾಗಿತ್ತು. ಸಿಂಚನಾ ಮಾತ್ರ, "ಥೂ, ಇದ್ ಹಾಕ್ಕೊಂಡ್ರೆ ಅತ್ತಿಗೆ ಮಂಟಪದಿಂದ್ಲೇ ಓಡ್ಹೋಗ್ತಾರೆ ಕಣೋ!" ಎಂದಳು. ಅವಳ ಬಾಯಿ ಒಂದೇ ಒಂದು ದಿನ ನನಗಿದ್ದಿದ್ದರೆ ಸಾಕಿತ್ತು.

ನಮ್ಮೂರಿನ ಗಂಡಸರಿಗೆ ಎರಡೇ ವಾಸನೆ, ದನದ್ದು ಮತ್ತು ಬೀಡಿಯದು. ಹಬ್ಬದ ದಿನ ಸೀಗೆಕಾಯಿ ಸೇರಿ ಮೂರು. ಅಂಥ ಊರಿನಿಂದ ಮದುವೆಯಾಗಿ ಲಿಂಗರಾಜಪುರಕ್ಕೆ ಬಂದ ನನ್ನನ್ನು ನಿಮ್ಮ ತಾತ ಮೂರೇ ತಿಂಗಳಿಗೆ ಶಿವಾಜಿನಗರದ ಅತ್ತರಿನ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯ ಗಡ್ಡದ ಮುದುಕರು ತಾತನ ಮುಂಗೈಗೆ ಕೇದಗೆಯ ಅತ್ತರು ಸವರಿ, "ಈಗ್ ಬರೋ ವಾಸ್ನೆ ನಂಬ್ಬೇಡಿ ಸಾರ್. ಚಾ ಕುಡ್ಕೊಂಡ್ ಬನ್ನಿ, ಆಮೇಲ್ ನೋಡಿ" ಎಂದರು. ಮೈಯ ಬಿಸಿಗೆ ಮೊದಲ ಘಾಟು ಹಾರಿ ಒಳಗಿನ ಪರಿಮಳ ಮೇಲೆ ಬರಬೇಕಂತೆ. ತಾತ ಕಾಯಲಿಲ್ಲ. ಅಲ್ಲಿಯೇ ಕೈ ಚಾಚಿ, "ನೀನು ಹೇಳು, ಹೆಂಗಿದೆ?" ಎಂದರು.

ಬೀದಿಗೆ ತೆರೆದ ಅಂಗಡಿಯಲ್ಲಿ, ಪರಪುರುಷರ ಎದುರು, ಗಂಡನ ಕೈ ಮೂಸುವುದೇ! ಉಸಿರು ಬಿಗಿಹಿಡಿದು ಬಗ್ಗಿ, ಏನೂ ಮೂಸದೆ, "ಚೆನ್ನಾಗಿದೆ ರೀ" ಎಂದೆ. ಮುದುಕರು ನಕ್ಕರು. ತಾತ ಸೀಸೆ ಕೊಂಡರು.

ಅಂದಿನಿಂದ ಅತ್ತರಿನಲ್ಲಿ ಅದ್ದಿದ ಹತ್ತಿ ಅವರ ಕಿವಿಯ ಸಂದು ಬಿಡಲಿಲ್ಲ. ನೆಂಟರೆದುರು "ಇದು ನಮ್ಮನೆಯವಳ ಸೆಲೆಕ್ಷನ್" ಎಂದು ಬೀಗುತ್ತಿದ್ದರು. ಅದರ ಘಾಟಿಗೆ ನನಗೆ ತಲೆ ಸಿಡಿಯುತ್ತಿತ್ತು. ಬೆಳಿಗ್ಗೆ ಕ್ಷೌರ ಮುಗಿಸಿ ಕೆನ್ನೆಗೆ ಪಟಿಕ ತೀಡಿಕೊಂಡಾಗ ಬರುತ್ತಿದ್ದ ತಣ್ಣನೆಯ ಸೋಪಿನ ವಾಸನೆ ಎಂದರೆ ನನಗೆ ಪ್ರಾಣ. ಅತ್ತರು ಬೀಳುವವರೆಗೆ ಅದಕ್ಕೆ ಹತ್ತು ನಿಮಿಷದ ಆಯುಸ್ಸು. ಸರಿಯಾಗಿ ಆಗಲೇ ಕಾಫಿ ಒಯ್ದು ಕೊಡುತ್ತಿದ್ದೆ. ನನ್ನ ದಾಂಪತ್ಯದ ಸುಖವೆಲ್ಲ ಆ ಹತ್ತು ನಿಮಿಷದ್ದು.

ಮಲಗುವಾಗ ಗೋಡೆಯ ಕಡೆ ತಿರುಗುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ಒಂದು ದಿನ ಅವರು ಮೆಲ್ಲಗೆ, "ನನ್ನ ಕಂಡ್ರೆ ನಿಂಗೆ ಅಸಹ್ಯನಾ?" ಎಂದು ಕೇಳಿದರು. "ನೀವಲ್ಲ ರೀ, ಅತ್ತರು" ಎಂದರೆ ಮುಗಿಯುತ್ತಿತ್ತು. ಆದರೆ ಅಷ್ಟು ವರ್ಷ ಸುಳ್ಳು ಹೇಳಿದೆನಲ್ಲ ಎಂಬ ನಾಚಿಕೆ ಅಡ್ಡ ಬಂತು. ಸುಮ್ಮನಿದ್ದೆ. ಆ ಮೌನವೇ ನನ್ನ ಉತ್ತರವೆಂದು ಅವರು ತಿಳಿದರು. ಮರುದಿನವೇ ತಮ್ಮ ಹಾಸಿಗೆಯನ್ನು ನಡುಮನೆಗೆ ಒಯ್ದುಕೊಂಡರು. ಮತ್ತೆ ಎಂದೂ ಕೇಳಲಿಲ್ಲ. ಹಾಗೆಯೇ ತೀರಿಹೋದರು.

ಆದ್ದರಿಂದ ಪ್ರಜ್ವಲ್, ಯಾವ ಸೆಂಟಾದರೂ ಕೊಳ್ಳು. ನಿನ್ನ ಹೆಂಡತಿಯನ್ನು ಮಾತ್ರ ಅಂಗಡಿಯವರ ಮುಂದೆ ಕೇಳಬೇಡ, ಮನೆಗೆ ಬಂದಮೇಲೆ ಕೇಳು. ಅವಳು "ಚೆನ್ನಾಗಿದೆ" ಎಂದು ಮುಖ ತಿರುಗಿಸಿದರೆ, ಮುನಿಸಿಕೊಳ್ಳದೆ ಇನ್ನೊಮ್ಮೆ ಕೇಳು.

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ನಿಮ್ಮ ತಾತನಿಗೆ ಹೇಳಬೇಕಾಗಿದ್ದ ಮಾತು ಇವುಗಳಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲ.