ಕುದುರೆಯ ಹೊಟ್ಟೆಗೆ ಕಟ್ಟಿದ ಪೇಟ

ಎರಡು ಸಾವಿರದ ಏಳರ ರಾಜ್ಯೋತ್ಸವಕ್ಕೆ, ನಾವು ವಲಸೆ ಬಂದು ನೆಲೆಸಿದ ಬ್ಲ್ಯಾಕ್‌ಟೌನಿನ ಒಂದು ಶಾಲೆಯ ಹಾಲಿನಲ್ಲಿ ನಮ್ಮ ಕನ್ನಡಿಗರು ಹೈಫಾ ಕದನವನ್ನು ಆಡಿ ತೋರಿಸಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಮೈಸೂರು ಮಹಾರಾಜರ ಕುದುರೆಪಡೆ ಭರ್ಜಿ ಹಿಡಿದು ತುರ್ಕರ ಮೆಷಿನ್‌ಗನ್ನುಗಳೆದುರು ನುಗ್ಗಿದ ಕದನ ಅದು. ರಟ್ಟಿನ ಕುದುರೆಗಳನ್ನು ಸೊಂಟಕ್ಕೆ ಕಟ್ಟಿಕೊಂಡ ಐಟಿ ಗಂಡಸರು ವೇದಿಕೆಯ ತುಂಬ ಓಡಿದರು. ಒಂದು ಕುದುರೆಯೂ ಬೀಳಲಿಲ್ಲ.

ನನ್ನ ಅಜ್ಜಿಯ ಅಪ್ಪ ಆ ಪಡೆಯಲ್ಲಿದ್ದ. ಗುಂಡು ತಗುಲಿ ಕುದುರೆಯ ಕರುಳು ಹೊರಬಂದಾಗ ಅವನು ತಲೆಯ ಪೇಟ ಬಿಚ್ಚಿ ಅದರ ಹೊಟ್ಟೆಗೆ ಕಟ್ಟಿದನಂತೆ. ಊರಿಗೆ ಮರಳಿದ ಮೇಲೆ ತಲೆಗೆ ಬಟ್ಟೆ ಸುತ್ತಲೇ ಇಲ್ಲ. ತನ್ನನ್ನು ಧಾರೆಯೆರೆದು ಕೊಡುವಾಗಲೂ ಅಪ್ಪ ಬರಿತಲೆಯಲ್ಲಿ ನಿಂತಿದ್ದ ಎನ್ನುತ್ತಿದ್ದಳು ಅಜ್ಜಿ. ನಮ್ಮ ಮನೆಯಲ್ಲಿ ಇಂದಿಗೂ ಮದುಮಗನಿಗೆ ಪೇಟವಿಲ್ಲ. ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಪೇಟವಿಲ್ಲದ ಮದುವೆಗಳನ್ನು ಮಾತ್ರ. ಕರುಳಿನ ಮಾತು ಅಜ್ಜಿಯದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಆಣೆಯಿಟ್ಟು ಹೇಳಲಾರೆ.

ಇದನ್ನೆಲ್ಲ ಒಮ್ಮೆ ಹತ್ತಿರದ ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿಯ ಮುಂದೆ ಹೇಳಿದ್ದೆ. ಹಾಗಾಗಿ ಆ ಸಂಜೆ ನನಗೆ ಸನ್ಮಾನ.

"ಸರ್, ಎರಡು ಮಾತಾಡಿ. ಕುದುರೆ ಹೊಟ್ಟೆ ವಿಷ್ಯ ಸ್ಕಿಪ್ ಮಾಡಿ, ಆಮೇಲೆ ಊಟ ಇದೆ," ಎಂದ ಅವನು.

"ನಂಗೆ ಗೊತ್ತಿರೋದೇ ಅದೊಂದು."

"ಅಯ್ಯೋ, ಹೀರೋ ಥರ ಏನಾದ್ರೂ ಹೇಳಿ ಸರ್! ಇಲ್ಲಿ ಯಾರು ಚೆಕ್ ಮಾಡ್ತಾರೆ?"

ಸಂಘದಲ್ಲಿದ್ದದ್ದು ಒಂದೇ ರೆಡಿಮೇಡ್ ಮೈಸೂರು ಪೇಟ. ಒಬ್ಬರ ತಲೆಗಿಟ್ಟು, ಫೋಟೊ ತೆಗೆದು, ಕಿತ್ತು ಮುಂದಿನವರಿಗೆ ಇಡುವುದು ರೂಢಿ. ನನ್ನ ಸರದಿ ಬರುವಷ್ಟರಲ್ಲಿ ಅದರ ಒಳಪಟ್ಟಿ ಮಂದಿಯ ತಲೆಯೆಣ್ಣೆ, ಬೆವರಿನಿಂದ ಜಿಗುಟಾಗಿತ್ತು. ತಲೆ ಹಿಂದಕ್ಕೆಳೆದುಕೊಂಡು ಅದನ್ನು ಕೈಯಲ್ಲೇ ಹಿಡಿದೆ. ಮೈಕಿನಲ್ಲಿ ಕುದುರೆಯ ಕರುಳಿನ ಕಥೆಯನ್ನೇ ಹೇಳಿದೆ. ನನಗೆ ಪೂರ್ತಿ ಖಾತ್ರಿಯಿಲ್ಲ ಎಂದೂ ಹೇಳಿದೆ.

ಹಿಂದಿನ ಸಾಲಿನಿಂದ ಯಾರೋ "ಮೈಸೂರು ಮಹಾರಾಜರಿಗೆ ಜೈ!" ಎಂದು ಕೂಗಿದ. ಹಾಲ್ ತುಂಬ ಚಪ್ಪಾಳೆ, ಶಿಳ್ಳೆ. ರಟ್ಟಿನ ಕುದುರೆಯವನೊಬ್ಬ ಭರ್ಜಿ ಎತ್ತಿ ಕುಣಿದ. ಆ ಕರುಳೂ ಅವರ ಜೈಕಾರಕ್ಕೆ ಒದಗಿತು. ಒದಗಿಸಿದವನು ನಾನು.

"ಸೂಪರ್ ಸರ್! ಪೇಟ ಕೊಡಿ, ಇನ್ನೂ ಸ್ಪಾನ್ಸರ್‌ಗಳಿದ್ದಾರೆ."

ಕೊಟ್ಟೆ. ಊಟದ ಸಾಲಿನಲ್ಲಿ ನಿಂತಾಗಲೂ ಕೈಗೆ ಆ ಎಣ್ಣೆಯ ವಾಸನೆ ಅಂಟಿಕೊಂಡಿತ್ತು. ತಟ್ಟೆ ಅಲ್ಲೇ ಇಟ್ಟು ಹೊರಬಂದೆ. ಆ ಕುದುರೆ ಬದುಕಿತೇ ಎಂದು ಹಾಲಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಅಜ್ಜಿಯನ್ನು ನಾನೂ ಕೇಳಿರಲಿಲ್ಲ.