ಒಂದು ತೋಳು ಕೇಳಿದ ಅತ್ತೆ

ಅತ್ತೆಗೆ ಅಸಹ್ಯವಾದರೆ ಮೊದಲು ಅಲುಗುತ್ತಿದ್ದದ್ದು ಅವಳ ಮೂಗುಬೊಟ್ಟು. ಹೊಳ್ಳೆ ಅರಳುತ್ತಿತ್ತು, ಕೆಂಪು ಹರಳು ಒಮ್ಮೆ ಮೇಲೆದ್ದು ಮಿನುಗುತ್ತಿತ್ತು, ಅದರ ಹಿಂದೆಯೇ ಒಂದು "ಥೂ" ಹೊರಡುತ್ತಿತ್ತು. ಉಗುಳಿರುತ್ತಿರಲಿಲ್ಲ, ಬರೀ ಶಬ್ದ. ಹೊಸದುರ್ಗದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವಳು ಹೊಲಿಗೆ ಮೇಡಂ. ಸೊಟ್ಟ ಹೊಲಿಗೆ ಹಾಕಿದ ಹುಡುಗಿಯರಿಗೆ ಎಂದೂ ಥೂ ಅಂದವಳಲ್ಲ. ಹೊಲಿಸಿದ್ದನ್ನು ತೊಡದೆ ಬೀರುವಿನಲ್ಲಿ ನುಸಿಗುಳಿಗೆ ಹಾಕಿ ಮಡಿಸಿಡುವವರನ್ನು, ಸೋಫಾ ತಂದು ವರ್ಷವಾದರೂ ಅದರ ಪ್ಲಾಸ್ಟಿಕ್ ಕವರ್ ತೆಗೆಯದವರನ್ನು ಕಂಡರೆ ಮಾತ್ರ ಅವಳಿಗೆ ತಡೆಯುತ್ತಿರಲಿಲ್ಲ. ಅಂಥ ಒಂದು ಸೋಫಾದಿಂದ ಬೆವರಿಗೆ ಅಂಟಿದ ಸೀರೆ ಬಿಡಿಸಿಕೊಂಡು ಎದ್ದು, ಮನೆಯವರ ಎದುರಿಗೇ, "ಇದೇನು ಕುಂತ್ಕಳಾಕಾ, ಇಲ್ಲಾ ಮಾರಾಕಾ?" ಅಂತ ಕೇಳಿದವಳು.

ಅತ್ತೆ ನನ್ನಪ್ಪನ ತಂಗಿ. ನಾವು ಹೊಳಲ್ಕೆರೆಯಲ್ಲಿದ್ದೆವು, ದೊಡ್ಡಪ್ಪನವರು ಹಿರಿಯೂರಿನಲ್ಲಿ. ಅತ್ತೆ ಮಾವನಿಗೆ ಮಕ್ಕಳಿರಲಿಲ್ಲವಾದ್ದರಿಂದ ರಜೆ ಬಂತೆಂದರೆ ನಾನೂ ದೊಡ್ಡಪ್ಪನ ಮಗನೂ ಹೊಸದುರ್ಗದಲ್ಲೇ ಬಿದ್ದಿರುತ್ತಿದ್ದೆವು. ದೊಡ್ಡಪ್ಪನ ಮಗನನ್ನು ನಾನು ಅಣ್ಣ ಅನ್ನುತ್ತೇನೆ. ಈಗ ಹಾಗನ್ನುವಾಗ ಬಾಯಿ ಸ್ವಲ್ಪ ಕಹಿಯಾಗುತ್ತದೆ, ಆದರೆ ಸಂಬಂಧ ಬದಲಾಗುವುದಿಲ್ಲವಲ್ಲ.

ಮಾವ ಫಿಟ್ಟರ್ ಕೆಲಸಕ್ಕೆ ದುಬೈಗೆ ಹೋಗಿದ್ದವರು ತೊಂಬತ್ತರ ಸುಮಾರಿಗೆ ವಾಪಸಾಗಿ ಊರಲ್ಲೇ ವೆಲ್ಡಿಂಗ್ ಶಾಪ್ ಇಟ್ಟರು. ಬರುವಾಗ ನಮಗೆಂದು ಒಂದು ದೊಡ್ಡ ಡಬ್ಬಿ ತಂದಿದ್ದರು. ಡಬ್ಬಿಯ ಮೇಲೆ ಧೂಳೆಬ್ಬಿಸಿಕೊಂಡು ಗಾಳಿಯಲ್ಲಿ ಹಾರುತ್ತಿದ್ದ ಕೆಂಪು ಕಾರಿನ ಚಿತ್ರ. ಜಪಾನಿನದು, ರಿಮೋಟಿನಿಂದ ಓಡುವುದು. ಬೀದಿಯವರೆಲ್ಲ ಸೇರಿದ ಮೇಲೆ ಮಾವ ಮುಚ್ಚಳ ತೆಗೆದರು. ಒಳಗೆ ಕಾರೇ ಇರಲಿಲ್ಲ. ಚೌಕಟ್ಟಿಗೆ ಅಂಟಿಕೊಂಡ ಪ್ಲಾಸ್ಟಿಕ್ ತುಂಡುಗಳು, ಪೊಟ್ಟಣ ಪೊಟ್ಟಣ ಸ್ಕ್ರೂ, ನಾಲ್ಕು ಟೈರು, ಒಂದು ಮೋಟರು, ಜಪಾನಿ ಭಾಷೆಯ ಒಂದು ಪುಸ್ತಕ. ಕಾರನ್ನು ನಾವೇ ಜೋಡಿಸಿಕೊಳ್ಳಬೇಕಿತ್ತು. ಮಾವನ ಮುಖ ಕೆಂಪಗಾಯಿತು. "ಇಷ್ಟು ದುಡ್ಡು ಇಸ್ಕಂಡು ಕೆಲ್ಸ ನಮ್ಮ ಕೈಲೇ ಮಾಡ್ಸಾ ಬಡ್ಡಿಮಕ್ಳು!" ಅಂತ ಬೈದು ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು.

ಕೆಳಗಿಳಿಸಿದವಳು ಅತ್ತೆ. ಪುಸ್ತಕದಲ್ಲಿ ಚಿತ್ರಗಳಿದ್ದವು, ಅವಳಿಗೆ ಅಷ್ಟು ಸಾಕಿತ್ತು. "ರವಿಕೆ ಕತ್ತರಿಸಿದಂಗೇ ಕಣೇ ಇದು, ತುಂಡು ತುಂಡು ಕೂಡ್ಸಾದು" ಅನ್ನುತ್ತ ಶಾಲೆಯಿಂದ ಬಂದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ಕೂರುತ್ತಿದ್ದಳು. ತಪ್ಪುಗಳನ್ನೂ ಧಾರಾಳವಾಗಿ ಮಾಡಿದಳು. ಗಾಜಿನಂಥ ಪಾರದರ್ಶಕ ಹೊದಿಕೆಗೆ ಒಳಗಿನಿಂದ ಬಣ್ಣ ಬಳಿಯಬೇಕಿತ್ತಂತೆ. ಇವಳು ಮಾವನ ವೆಲ್ಡಿಂಗ್ ಶಾಪಿನಲ್ಲಿ ಗೇಟಿಗೆ ಬಳಿಯುವ ಕೆಂಪು ಪೇಂಟನ್ನು ಹೊರಗೆ ಬಳಿದಳು, ಅದು ತಿಂಗಳೊಪ್ಪತ್ತಿಗೆ ಚಕ್ಕೆ ಏಳುತ್ತಿತ್ತು. ಮೋಟರಿನ ವೈರು ಅದಲು ಬದಲಾಗಿ, ರಿಮೋಟಿನ ಕಡ್ಡಿ ಮುಂದಕ್ಕೆ ಒತ್ತಿದರೆ ಕಾರು ಹಿಂದಕ್ಕೆ ಹೋಗುತ್ತಿತ್ತು. ಸರಿ ಮಾಡು ಅಂದರೆ, "ಅಭ್ಯಾಸ ಆಗೋಗೈತೆ ಬಿಡು" ಅಂದಳು. ನಮಗೂ ಅದೇ ಅಭ್ಯಾಸವಾಯಿತು.

ಆಮೇಲೆ ಸಂಜೆ ಬೀದಿಯಲ್ಲಿ ಕಾರು ಓಡುವುದು ಹೊಸದುರ್ಗದ ಆ ಓಣಿಗೆ ದಿನದ ಕಾರ್ಯಕ್ರಮವಾಯಿತು. ಆಯುಧಪೂಜೆಗೆ ಮಾವನ ಶಾಪಿನ ಮಿಷನ್ನುಗಳ ಸಾಲಿನಲ್ಲಿ ಅದಕ್ಕೂ ವಿಭೂತಿ, ಚೆಂಡುಹೂವು. ಮೊದಲ ವರ್ಷ ಎಲ್ಲ ಗಾಡಿಗಳಿಗೆ ಇಟ್ಟಂತೆ ಇದರ ಚಕ್ರದಡಿಗೂ ನಿಂಬೆಹಣ್ಣು ಇಟ್ಟೆವು. ಕಾರು ಹಣ್ಣಿನ ಮೇಲೆ ಹತ್ತಿ, ಮಗುಚಿ, ಬೆನ್ನ ಮೇಲೆ ಬಿದ್ದು ಚಕ್ರ ತಿರುಗಿಸಿತು. ಮಾವ ಶಕುನ ಸರಿಯಿಲ್ಲ ಅಂದರು. ಅತ್ತೆ ನಗುತ್ತ ನಗುತ್ತ ಕೂತೇಬಿಟ್ಟಳು. ಮರುವರ್ಷ ಅಳತೆ ನೋಡಿ ಗೋಲಿ ಗಾತ್ರದ ಟೊಮೇಟೊ ಇಟ್ಟಳು, ಅದು ಸರಿಯಾಗಿ ಅಪ್ಪಚ್ಚಿಯಾಯಿತು.

ಯಾರು ಕೇಳಿದರೂ ಅವಳು ರಿಮೋಟು ಕೊಡುತ್ತಿದ್ದಳು. ಬಾಗೂರಿನಿಂದ ತೆಂಗಿನಕಾಯಿ ತರುತ್ತಿದ್ದ ಮುದುಕನಿಗೂ ಕೊಟ್ಟಿದ್ದಳು, ಅವನು ಕಾರಿನ ಹಿಂದೆ ತಾನೂ ಓಡಿದ. "ಹಾಳಾಗುತ್ತೆ ಅತ್ತೆ" ಅಂತ ನಾನೊಮ್ಮೆ ಅಂದದ್ದಕ್ಕೆ, "ಆಗ್ಲಿ ಬಿಡು, ಓಡ್ಸಿದ್ರೆ ತಾನೇ ಹಾಳಾಗಾದು" ಅಂದಳು.

ಹಾಳು ಮಾಡಿದವನು ಅಣ್ಣ. ತೊಂಬತ್ನಾಲ್ಕೋ ತೊಂಬತ್ತೈದೋ, ಒಂದು ಬೇಸಿಗೆಯಲ್ಲಿ, ಚರಂಡಿಯ ಚಪ್ಪಡಿಗೆ ಕಾರನ್ನು ಜೋರಾಗಿ ಗುದ್ದಿಸಿದ. ಮುಂದಿನ ಎಡಗಾಲಿಯನ್ನು ಹಿಡಿದಿದ್ದ ಪ್ಲಾಸ್ಟಿಕ್ ತೋಳು ಎರಡು ತುಂಡಾಯಿತು. ಅಣ್ಣ ಅಳತೊಡಗಿದ. ಅತ್ತೆ ಅವನಿಗೆ ಬಾಳೆಹಣ್ಣು ಕೊಟ್ಟು ಸುಮ್ಮನಾಗಿಸಿದಳು.

ಆ ತೋಳಿಗಾಗಿ ಅವಳು ಮಾಡದ ಪ್ರಯತ್ನವಿಲ್ಲ. ಅಂಟು ಹಾಕಿದಳು, ಸೈಕಲ್ ಕಡ್ಡಿ ಕಟ್ಟಿದಳು. ಬಡಗಿಯ ಹತ್ತಿರ ಜಾಲಿಮರದಲ್ಲಿ ಮಾಡಿಸಿದ್ದು ಬೇಗ ಸೀಳಿತು. ಮಾವ, "ಪ್ಲಾಸ್ಟಿಕ್ಕಿಗೆ ವೆಲ್ಡಿಂಗ್ ಆಗಲ್ಲ ಕಣೇ" ಅಂತ ಗೊಣಗುತ್ತಲೇ ಕಬ್ಬಿಣದ್ದೊಂದು ಮಾಡಿಕೊಟ್ಟರು. ಅದರ ಭಾರಕ್ಕೆ ಕಾರು ಎಡಕ್ಕೆ ವಾಲಿ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಕಂಪನಿಯವರು ಆ ಕಾರು ಮಾಡುವುದನ್ನೇ ನಿಲ್ಲಿಸಿದ್ದಾರೆಂದು ಯಾರೋ ಹೇಳಿದರು. ಮೂಗುಬೊಟ್ಟು ಮೇಲೆದ್ದಿತು. ಕಾರು ಹೊಲಿಗೆ ಮಿಷನ್ನಿನ ಕೆಳಗೆ ಸೇರಿತು. ಆದರೂ ಅವಳು ಅದರ ಧೂಳು ಹೊಡೆಯುವುದನ್ನು ಬಿಡಲಿಲ್ಲ, ಬ್ಯಾಟರಿ ಸತ್ತಾಗ ಹೊಸದು ಕಟ್ಟಿಸುವುದನ್ನೂ ಬಿಡಲಿಲ್ಲ.

ಹದಿನೈದು ವರ್ಷ ದಾಟಿತು. ನಾನು ಚಿತ್ರದುರ್ಗದಲ್ಲಿ ಕೆಲಸಕ್ಕೆ ಸೇರಿದ್ದೆ. ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಕಣ್ಣಿಗೆ ಇಳಿದಿತ್ತು. ನಾನೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಬಹಳ ದಿನ ಉಳಿಯುವುದಿಲ್ಲ ಅಂದರು. ಹೊರಗೆ ಬಂದು ಎಳನೀರಿನ ಗಾಡಿಯ ಹತ್ತಿರ ನಿಂತಾಗ ಅತ್ತೆ ಹೇಳಿದಳು. "ಸೂಜಿಗೆ ದಾರ ಹೋಗ್ದಿದ್ರೆ ಹೋಗ್ಲಿ ಕಣೇ. ಆ ಕಾರು ಒಂದ್ಸಲ ಓಡಾದ್ ನೋಡ್ಬೇಕು. ಕಣ್ಣಿರಾವಾಗ್ಲೇ."

ಅದೇ ವಾರ ಸೈಬರ್ ಕೆಫೆಯೊಂದರಲ್ಲಿ ಕೂತು ಹುಡುಕಿದಾಗ ನಂಬಲಾಗಲಿಲ್ಲ. ಜಪಾನಿನ ಕಂಪನಿ ಅದೇ ಕಾರನ್ನು ಮತ್ತೆ ಮಾಡಿ ಮಾರುತ್ತಿತ್ತು. ಅದೇ ಡಬ್ಬಿ, ಅದೇ ಧೂಳಿನ ಚಿತ್ರ, ಅದೇ ತುಂಡುಗಳು. ತೋಳೊಂದನ್ನೇ ಕಳಿಸುವಿರಾ ಅಂತ ಎರಡು ಮೂರು ಕಡೆ ಬರೆದೆ. ಇಂಡಿಯಾ ಅಂದಕೂಡಲೇ ಅವರು ಉತ್ತರ ನಿಲ್ಲಿಸಿದರು. ಅಷ್ಟರಲ್ಲಿ ಹಿರಿಯೂರಿನಿಂದ ಅಣ್ಣನ ಫೋನು ಬಂತು. "ನಮ್ಮ ಬಾಲ್ಯ ವಾಪಸ್ ಬಂದೈತೆ, ಅತ್ತೇನ ಕರ್ಕಂಡು ಬಾ" ಅಂದ. ಅವನೀಗ ಹೈವೇ ಪಕ್ಕದ ಟೈಲ್ಸ್ ಅಂಗಡಿಯ ಮಾಲೀಕ. ಸಿಂಗಪುರಕ್ಕೆ ಹೋದ ಗೆಳೆಯನಿಂದ ಆ ಕಾರನ್ನು ತರಿಸಿದ್ದ. ಅತ್ತೆ ಮುರಿದ ಕಾರನ್ನು ವೈರಿನ ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ ಹೊದಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹಿರಿಯೂರಿಗೆ ಬಂದಳು.

ಹಜಾರದ ಶೋಕೇಸಿನಲ್ಲಿ, ಒಳಗೆ ಲೈಟು ಹಾಕಿ, ಡಬ್ಬಿ ಇಟ್ಟಿದ್ದ. ಒಂದಲ್ಲ, ಎರಡು. ಎರಡಕ್ಕೂ ಕಂಪನಿಯ ತೆಳು ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು.

"ಎರಡ್ಯಾಕಪ್ಪ?" ಅಂದಳು ಅತ್ತೆ.

"ಒಂದು ಇಟ್ಕಳಾಕೆ ಅತ್ತೆ. ಇನ್ನೊಂದು, ಅದಕ್ಕೇನಾದ್ರೂ ಆದ್ರೆ ಅಂತ."

"ಓಡ್ಸಾಕೆ?"

ಅಣ್ಣ ನಕ್ಕ. ಮಕ್ಕಳಿಗೂ ಮುಟ್ಟಲು ಕೊಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿದ. ಅತ್ತೆ ಬುಟ್ಟಿಯಿಂದ ಕಾರು ತೆಗೆದು ಟೀಪಾಯಿಯ ಮೇಲಿಟ್ಟಳು. ಅವನ ಕಣ್ಣು ತುಂಬಿತು. "ಅಯ್ಯೋ, ಇದನ್ನ ನಾನೇ ಮುರಿದಿದ್ದು ಅಲ್ವಾ ಅತ್ತೆ! ಚರಂಡಿ ಹತ್ರ! ಎಂಥ ದಿನಗಳು!" ಅಂದ. ತನ್ನ ಸಾಧನೆಯೊಂದನ್ನು ನೆನೆಸಿಕೊಂಡವನ ಹಾಗಿತ್ತು ಮಾತು.

"ಹೂಂ. ಆ ತೋಳು ಒಂದು ಕೊಡಪ್ಪ. ಡಬ್ಬಿ ಬಿಚ್ಚಿ ಅದೊಂದು ತಗಂಡು ಮತ್ತೆ ಮುಚ್ಚಾಣ. ನಂಗೆ ಕಣ್ಣು ಹೋಗ್ತಾ ಐತೆ. ಒಂದ್ಸಲ ಓಡ್ಸಿ ನೋಡ್ತೀನಿ."

ಅವನು ತಕ್ಷಣ ಇಲ್ಲ ಅನ್ನಲಿಲ್ಲ. ಹಾಗೆ ಅಂದಿದ್ದರೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಹೆಂಡತಿಯನ್ನು ಕರೆದು ಅತ್ತೆಗೆ ಇನ್ನೊಂದು ಹೋಳಿಗೆ ಹಾಕಿಸಿದ, ಸಕ್ಕರೆ ಕಾಯಿಲೆಯವಳಿಗೆ. ಆಮೇಲೆ ತಗ್ಗಿದ ದನಿಯಲ್ಲಿ, "ಬಿಚ್ಚಿದ್ರೆ ವ್ಯಾಲ್ಯೂ ಹೋಗ್ತೈತೆ ಅತ್ತೆ. ಸೀಲ್ ಇದ್ರೇನೇ ಬೆಲೆ. ಬೇಕಾದ್ರೆ ಬಜಾರಿನಾಗೆ ಒಳ್ಳೆ ರಿಮೋಟ್ ಕಾರು ಸಿಗ್ತವೆ, ಲೈಟು, ಮ್ಯೂಸಿಕ್ಕು ಎಲ್ಲಾ ಅವೆ. ಕೊಡಿಸ್ತೀನಿ" ಅಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮಂಡಿ ಅದುಮಿದಳು. ಥೂ ಅನ್ನಲಿಲ್ಲ. ಕಾರನ್ನು ಬುಟ್ಟಿಗೆ ಹಾಕಿಕೊಂಡು, "ನಿಂಗೆ ಈ ಕಾರು ನೆನಪಿರಾದು ಯಾಕೆ ಹೇಳು? ಇದು ಓಡ್ತಿತ್ತು, ಅದಕ್ಕೆ. ಡಬ್ಬಿ ನೋಡ್ಕಂಡು ಕುಂತಿದ್ರೆ ನೆನಪಿರ್ತಿತ್ತಾ?" ಅಂದಳು. ಅಷ್ಟೇ. ಹೋಳಿಗೆ ತಟ್ಟೆಯಲ್ಲಿ ಹಾಗೆಯೇ ಉಳಿಯಿತು.

ಹಳೆಯದನ್ನು ಮತ್ತೆ ಅಚ್ಚು ಹಾಕಿ ಮಾರುವವರನ್ನು ನಾನು ಬೈಯುವುದಿಲ್ಲ. ಜಗತ್ತಿನಲ್ಲಿ ಎಷ್ಟು ಅಟ್ಟಗಳಲ್ಲಿ ಎಷ್ಟು ಕಾರುಗಳು ಒಂದು ತೋಳಿಲ್ಲದೆ, ಒಂದು ಗೇರಿಲ್ಲದೆ ಬಿದ್ದಿವೆಯೋ, ಅವಕ್ಕೆಲ್ಲ ಜೀವ ಬರುವ ದಾರಿ ಅದು. ನನಗೆ ಹೇಸಿಗೆಯಾಗುವುದು ಕೊಳ್ಳುವವರ ಮೇಲೆ. ಹುಡುಗರಾಗಿದ್ದಾಗ ಮಣ್ಣಲ್ಲಿ ಬಿದ್ದು ಹೊರಳಾಡಿದವರು, ಜೇಬು ತುಂಬಿದ ಮೇಲೆ ಅದೇ ಖುಷಿಯನ್ನು ಕೊಂಡು ಗಾಜಿನೊಳಗೆ ಬೀಗ ಹಾಕುತ್ತಾರೆ. ಅಣ್ಣನ ಮಕ್ಕಳಿಗೆ ಆ ಕಾರು ಮುಟ್ಟಬಾರದ ಒಂದು ಡಬ್ಬಿ, ಅಪ್ಪ ಬೈಯುವ ಒಂದು ಕಾರಣ. ನಾಳೆ ಅವರು ದೊಡ್ಡವರಾದಾಗ ಕಂಪನಿ ಇನ್ನೊಮ್ಮೆ ಅಚ್ಚು ಹಾಕಿದರೆ ಅವರೇಕೆ ಕೊಳ್ಳುತ್ತಾರೆ? ಈ ವ್ಯಾಪಾರ ಇವರ ತಲೆಮಾರಿನೊಂದಿಗೇ ಮುಗಿಯುತ್ತದೆ, ಮುಗಿಸುವವರೂ ಅದನ್ನು ಪ್ರೀತಿಸುತ್ತೇವೆ ಅನ್ನುವ ಇವರೇ. ಅತ್ತೆ ಟೀಪಾಯಿಯ ಮುಂದೆ ಕೂತು ಹೇಳಿದ್ದು ಇದನ್ನೇ, ನನಗೆ ಇಷ್ಟು ಮಾತು ಬೇಕಾಯಿತು.

ಆ ವರ್ಷದ ಕೊನೆಯೊಳಗೆ ಅವಳಿಗೆ ಬೆಳಕು ನೆರಳಿನ ವ್ಯತ್ಯಾಸ ಬಿಟ್ಟರೆ ಏನೂ ಕಾಣದಾಯಿತು. ಹೊಲಿಗೆ ಮಿಷನ್ನನ್ನು ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟುಬಿಟ್ಟಳು. ಕಾರನ್ನು ಯಾರಿಗೂ ಕೊಡಲಿಲ್ಲ. ನಾನು ಹೋದಾಗಲೆಲ್ಲ ಅದನ್ನು ಮಡಿಲಲ್ಲಿಟ್ಟುಕೊಂಡು, ಮೂರು ಗಾಲಿಗಳನ್ನು ಬೆರಳಲ್ಲಿ ತಿರುಗಿಸುತ್ತ ಮಾತಾಡುತ್ತಿದ್ದಳು. ಅದರ ಮುಂದಿನ ಬೇಸಿಗೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಎಡೆ ಇಟ್ಟೆವು. ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಫೋಟೋದ ಮುಂದೆ ಇಟ್ಟು, ಅವರು ಬಂದು ತೆಗೆದುಕೊಳ್ಳಲಿ ಅಂತ ಬಾಗಿಲು ಮುಂದೆಳೆದು ಎಲ್ಲರೂ ಸ್ವಲ್ಪ ಹೊತ್ತು ಹೊರಗಿರುತ್ತಾರೆ. ಆಮೇಲೆ ಒಳಗೆ ಹೋಗಿ ಅದನ್ನೇ ಎಲ್ಲರೂ ಹಂಚಿಕೊಳ್ಳುವುದು. ಮೆಣಸಿನಕಾಯಿ ಬೋಂಡ, ಹೆಸರುಬೇಳೆ ಪಾಯಸ, ಹುರಿದ ಕಡಲೆಕಾಯಿ, ಒಂದು ಸೀರೆ ಇಟ್ಟಿದ್ದರು. ಮಾವ ಹಳೆಯ ಕಾರನ್ನು ತಂದು ಪಕ್ಕದಲ್ಲಿಟ್ಟರು. ಆಗ ಅಣ್ಣ ಹಿರಿಯೂರಿನಿಂದ ಬಂದ. ಕೈಯಲ್ಲಿ ಆ ಡಬ್ಬಿ ಇತ್ತು. ಕುಂಕುಮ, ಎಣ್ಣೆ ತಾಗದಿರಲೆಂದು ಕಂಪನಿಯ ಹೊದಿಕೆಯ ಮೇಲೆ ತಾನೊಂದು ದಪ್ಪ ಕವರು ಬೇರೆ ಹಾಕಿ ತಂದಿದ್ದ. ಅದನ್ನು ಫೋಟೋಕ್ಕೆ ಒರಗಿಸಿ, "ಅತ್ತೆಗೆ ಬಹಳ ಇಷ್ಟ" ಅಂತ ನೆಂಟರಿಗೆಲ್ಲ ಕೇಳುವಂತೆ ಹೇಳಿ ಕಣ್ಣೊರೆಸಿಕೊಂಡ.

ಬಾಗಿಲು ತೆಗೆದಾಗ ಎಲ್ಲರಿಗಿಂತ ಮುಂಚೆ ಒಳಗೆ ಹೋದವನು ಅವನು. ಡಬ್ಬಿ ಎತ್ತಿಕೊಂಡು, ಮೂಲೆಗೆ ಬಿದ್ದಿದ್ದ ವಿಭೂತಿಯ ಚೂರನ್ನು ಕರ್ಚೀಫಿನಿಂದ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡ.

"ಅದನ್ನ ಕೆಳಗಿಡು" ಅಂದರು ಮಾವ.

"ಇಲ್ಲ ಮಾವ, ಇದು ಬರೀ ಅತ್ತೆಗೆ ತೋರ್ಸಾಕೆ ಅಂತ ತಂದಿದ್ದು."

"ತೋರ್ಸಾಕಾ? ಕೊನಿಗೆ ಅವಳಿಗೆ ಕಣ್ಣೇ ಕಾಣ್ತಿರಲಿಲ್ಲ ಕಣಪ್ಪ."

ಮಾವ ಅವನ ಕಂಕುಳಿಂದ ಡಬ್ಬಿ ಎಳೆದುಕೊಂಡು ಚಾಪೆಯ ಮೇಲೆ ಕೂತರು. ಎಡೆಗೆ ಹಣ್ಣು ಕೊಯ್ದಿದ್ದ ಚಾಕುವಿನಿಂದ ಮೊದಲು ದಪ್ಪ ಕವರು, ಆಮೇಲೆ ಕಂಪನಿಯ ಹೊದಿಕೆ, ಎರಡನ್ನೂ ಸೀಳಿದರು. ಮುಚ್ಚಳ ತೆಗೆದು, ಚೌಕಟ್ಟುಗಳನ್ನು ಒಂದೊಂದಾಗಿ ಹೊರಗಿಟ್ಟು, ಹಳೆಯ ಕಾರಿನ ಪಕ್ಕ ಹಿಡಿದು ನೋಡಿ, ಒಂದು ಎಡತೋಳನ್ನು ಚೌಕಟ್ಟಿನಿಂದ ಬಿಡಿಸಿ ತೆಗೆದುಕೊಂಡರು. ಮಿಕ್ಕಿದ್ದನ್ನೆಲ್ಲ ಇದ್ದ ಹಾಗೇ ಜೋಡಿಸಿ ಮುಚ್ಚಳ ಹಾಕಿ ಅಣ್ಣನ ಕೈಗೆ ಕೊಟ್ಟರು.

"ತಗ. ಅವಳು ಕೇಳಿದ್ದು ಇದೊಂದೇ."

ಮಾವ ಸ್ಕ್ರೂಡ್ರೈವರ್ ತರಲು ಒಳಕೋಣೆಗೆ ಹೋದರು. ಅಣ್ಣ ಸೀಳಿದ ಪ್ಲಾಸ್ಟಿಕ್ಕಿನ ಎರಡು ಅಂಚುಗಳನ್ನು ಬೆರಳಲ್ಲಿ ಕೂಡಿಸಿ ಕೂಡಿಸಿ ನೋಡುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, ಮನೆಯಲ್ಲಿ ಸೆಲ್ಲೋಟೇಪ್ ಇದೆಯಾ ಅಂತ ಕೇಳಿದ.

"ಐತೆ" ಅಂದೆ. "ಕೊಡಲ್ಲ."