ಹೊಳೆದದ್ದು ಅರಿಶಿನ

ನಮ್ಮತ್ತೆ ನನ್ನ ಕೆಲಸದ ಬಗ್ಗೆ ಮೊದಲ ಸಲ ವಿಚಾರಿಸಿದ್ದು ಅವರ ಬಲಗೈ ನಡುಗಲು ಶುರುವಾದ ಮೇಲೆ. ಅಲ್ಲಿಯವರೆಗೆ ನಾನು ಅವರ ಪಾಲಿಗೆ ಕೆ.ಆರ್. ಪುರದ ಮನೆಯಿಂದ ಗರುಡಾಚಾರ್‌ಪಾಳ್ಯಕ್ಕೆ ಹೋಗಿ ಶೀಶೆ ತೊಳೆದು ಬರುವ ಸೊಸೆ. ಬೀದಿಯ ಹೆಂಗಸರಿಗೂ ಹಾಗೇ ಹೇಳುತ್ತಿದ್ದರು. ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ರಯೋಗಾಲಯದಲ್ಲಿ ನಾವು ತಟ್ಟೆಯ ಸಣ್ಣ ಗುಣಿಗಳಲ್ಲಿ ನರಕೋಶಗಳನ್ನು ಬೆಳೆಸಿ ಅವಕ್ಕೆ ವಿಷ ಹಾಕುತ್ತಿದ್ದೆವು. ಗಿಡಗಳಿಂದ ತೆಗೆದ ಯಾವ ಅಂಶ ಅವನ್ನು ಉಳಿಸೀತೆಂದು ನೋಡುವುದೇ ಕೆಲಸ. ಕೊನೆಗೆ ಒಂದು ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ ಬದುಕಿದ ಕೋಶಗಳು ಹಸಿರಾಗಿ ಹೊಳೆಯುತ್ತವೆ, ಸತ್ತವು ಹೊಳೆಯುವುದಿಲ್ಲ. ಒಂದು ದಿನ ಅರಿಶಿನದ ಅಂಶ ಹಾಕಿದ ಗುಣಿಗಳೆಲ್ಲ ಝಗ್ಗೆಂದು ಹೊಳೆದವು. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮನೆಗೆ ಬಂದವಳೇ ಊಟಕ್ಕೆ ಕೂತು ಹೇಳಿಬಿಟ್ಟೆ.

"ನಮ್ಮ ಅಡಿಗೆಮನೇಲಿರೋ ಅರಿಶಿನಾನೇನಾ?" ಎಂದರು ಅತ್ತೆ.

"ಅದೇ," ಎಂದೆ.

ಅದೇ ಅಲ್ಲವೆಂದು ನನಗೆ ಗೊತ್ತಿತ್ತು. ತಟ್ಟೆಯ ಕೋಶ ಬೇರೆ, ಮನುಷ್ಯರ ಮಿದುಳು ಬೇರೆ. ತಿಂದ ಅರಿಶಿನ ಅಲ್ಲಿಯವರೆಗೆ ತಲುಪುವುದೇ ಕಷ್ಟ. ಆದರೆ ಅವರು ಅಷ್ಟು ಆಸೆಯಿಂದ ನನ್ನ ಮುಖ ನೋಡಿದ್ದು ಅದೇ ಮೊದಲು.

ಮಾರನೆಯ ದಿನದಿಂದ ಅತ್ತೆ ಅರಿಶಿನದ ಹಾಲು ಕುಡಿಯತೊಡಗಿದರು. ಶೀಶೆ ತೊಳೆಯುವವಳು ಹೋಗಿ ನರದ ಔಷಧಿ ಕಂಡುಹಿಡಿದ ಸೊಸೆಯಾದೆ. ತಮ್ಮ ಗಂಡನಿಗೂ ಇದೇ ನಡುಕವಿದ್ದುದರಿಂದ ಎದುರುಮನೆಯಾಕೆ ಎಷ್ಟು ಚಮಚ ಹಾಕಬೇಕೆಂದು ಕೇಳಲು ಬಂದರು. ನಾನೂ ಗಂಭೀರವಾಗಿ ಒಂದು ಅಳತೆ ಹೇಳಿ ಕಳಿಸಿದೆ.

ಆಮೇಲೆ ಜೊತೆಗೆ ಕೆಲಸ ಮಾಡುವವಳೊಬ್ಬಳು ನನ್ನ ಚಿತ್ರಗಳನ್ನು ನೋಡಿ, "ಬರೀ ಅರಿಶಿನ ಹಾಕಿ ನೋಡಿದ್ಯಾ? ಸೆಲ್ಸ್ ಇಲ್ದೇನೆ?" ಎಂದಳು.

"ಸೆಲ್ಸೇ ಇಲ್ದಿದ್ರೆ ಏನ್ ನೋಡೋದು?" ಎಂದು ಸಿಡುಕಿದೆ. ಅವಳ ಮೇಲಿನ ಸಿಟ್ಟಿಗೇ ಖಾಲಿ ಗುಣಿಗೆ ಅರಿಶಿನದ ಅಂಶ ಹಾಕಿ ನೀಲಿ ಬೆಳಕು ಬಿಟ್ಟೆ. ಅದೂ ಹಸಿರಾಗಿ ಹೊಳೆಯಿತು. ಅರಿಶಿನಕ್ಕೆ ತನ್ನದೇ ಹೊಳಪಿದೆ. ಬೇರೆ ವಿಧಾನದಿಂದ ಪರೀಕ್ಷಿಸಿದಾಗ ನನ್ನ ಕೋಶಗಳಲ್ಲಿ ಹೆಚ್ಚಿನವು ಸತ್ತಿದ್ದವು.

ಕೆಲಸದಲ್ಲಿ ತಪ್ಪೊಪ್ಪಿಕೊಂಡೆ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಹಾಲು ಕುಡಿದರೆ ಏನು ಕೆಡುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನಿಜವೆಂದರೆ, ನಾನು ಬರುವವರೆಗೆ ಊಟ ಮಾಡದೆ ಕಾಯುವ ಅತ್ತೆಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಅವರ ಲೋಟ ತುಳುಕಿ ಸೆರಗೆಲ್ಲ ಹಳದಿಯಾಯಿತು. ನಡುಕ ಭುಜದವರೆಗೆ ಏರಿತ್ತು.

"ಡಾಕ್ಟರು ನಡುಕಕ್ಕೆ ಕೊಟ್ಟ ಮಾತ್ರೆ ತಗೊಂಡ್ರಾ?" ಎಂದೆ.

"ಅದು ವಾಕರಿಕೆ ತರಿಸ್ತದೆ ಕಣಮ್ಮ. ಬಿಟ್ಟು ತುಂಬಾ ದಿನ ಆಯ್ತು. ನಿನ್ನ ಔಷಧಿ ಐತಲ್ಲ."

ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ.

"ಎದುರುಮನೆಯವಳು ಮೊನ್ನೆ ನಿಂಗೆ ಹೂವ ತಂದು ಮುಡಿಸಿದ್ಳಲ್ಲ, ಆಗ್ಲೂ ಗೊತ್ತಿತ್ತಾ?" ಎಂದರು ಅತ್ತೆ.

"ಗೊತ್ತಿತ್ತು."

ಅತ್ತೆ ಮಾತ್ರೆಗೆಂದು ಕೈ ಚಾಚಿದರು. ಮಾತ್ರೆ ಅಂಗೈಯಲ್ಲಿ ನಿಲ್ಲಲಿಲ್ಲ. ನಾನೇ ಬಾಯಿಗೆ ಹಾಕಿ ನೀರು ಕುಡಿಸಿ, ನಾಳೆಯೇ ಡಾಕ್ಟರ ಬಳಿ ಹೋಗೋಣ ಎಂದೆ. ಅವರು ತಲೆಯಾಡಿಸಿದರು.

ಆಮೇಲೆ ಗೋಡೆ ಹಿಡಿದುಕೊಂಡು ಗೇಟಿನವರೆಗೆ ನಡೆದು ಎದುರುಮನೆಯಾಕೆಯನ್ನು ಕರೆದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ನಿಮ್ಮೆಜಮಾನ್ರು ಮಾತ್ರೆ ಬಿಟ್ಟಿದ್ರೆ ಇವತ್ತೇ ಡಾಕ್ಟರನ್ನ ಕೇಳಿ ಶುರು ಮಾಡ್ಸಮ್ಮ. ಅರಿಶಿನಾನೇ ಔಷಧಿ ಅಂತ ನಮ್ಮ ಸೊಸೆ ಹೇಳೇ ಇರ್ಲಿಲ್ಲ, ಕೇಳಿದ್ಕೆ ಹಾಲಿಗೆಷ್ಟು ಅಂತ ಹೇಳಿದ್ಳು ಅಷ್ಟೇ. ನಂಗೇ ಅರ್ಥವಾಗದೆ ಊರಿಗೆಲ್ಲ ಸಾರ್ದೆ. ನಾನು ಓದಿದೋಳಾ?"

ಇಲ್ಲ, ಹೇಳಿದವಳು ನಾನೇ ಎನ್ನಲು ಹೊಸ್ತಿಲು ದಾಟಿದರೆ ಸಾಕಿತ್ತು. ನಾನು ದಾಟಲಿಲ್ಲ.